ಎತ್ತು ಮಾರಿದ ದುಡ್ಡಿಗೆ ಆಟದ ಮಿಷನ್ನು

ನಮ್ಮ ಮನೇಲಿ ಜಗಳ ಶುರುವಾಗೋದು ಯಾವಾಗಲೂ ಊಟಕ್ಕೆ ಕೂತಾಗ. ಎಲ್ಲರೂ ಒಟ್ಟಿಗೆ ಸಿಗೋದೇ ಆಗ, ಅದೂ ಅಲ್ಲದೆ ಬಾಯಿ ಹೆಂಗೂ ತೆರೆದಿರ್ತದೆ. ಅವತ್ತು ಉಪ್ಸಾರು, ಮುದ್ದೆ. ನಾನು ಮುದ್ದೆ ಕಟ್ಟಿ ಕಟ್ಟಿ ತಟ್ಟೆಗೆ ಹಾಕ್ತಾ ಇದ್ದೆ. ನನ್ನ ಮಗ ಸಂತೋಷ್ ಮುದ್ದೆ ಮುರಿಯೋದು ಬಿಟ್ಟು, "ಅವ್ವ, ತಾತ ಕೊಟ್ಟ ದುಡ್ಡಿಗೆ ಗೇಮಿಂಗ್ ಪಿಸಿ ತಗೋತೀನಿ. ಎಲ್ಲಾ ನೋಡಿಟ್ಟಿದ್ದೀನಿ," ಅಂದ. ಪಕ್ಕದಲ್ಲಿ ಕೂತಿದ್ದ ಅವನ ತಂಗಿ ದೀಪಿಕ ತಲೆ ಕೂಡ ಎತ್ತಲಿಲ್ಲ. "ಅದು ಇಬ್ಬರ ದುಡ್ಡು. ತರೋದು ಗೇಮ್ ಕನ್ಸೋಲು," ಅಂದಳು. ಅಲ್ಲಿಂದ ಶುರುವಾಗಿದ್ದು ಒಂದೂವರೆ ತಿಂಗಳು ನಡೀತು.

ಆ ದುಡ್ಡು ಯಾವುದು ಅಂತ ಹೇಳ್ಬೇಕು. ನಮ್ಮ ಮಾವ ಚಿಕ್ಕಣ್ಣ ಅಂದ್ರೆ ಕೆರಗೋಡು ಸುತ್ತಮುತ್ತ ಎತ್ತಿನ ಗಾಡಿ ಓಟದಲ್ಲಿ ಹೆಸರಾದ ಮನುಷ್ಯ. ಅರವತ್ತೆಂಟು ತುಂಬಿದ್ರೂ ಗಾಡಿ ಮೇಲೆ ನಿಂತು ಓಡಿಸ್ತಿದ್ರು. ಸರ್ದಾರ, ದೊರೆ ಅಂತ ಒಂದು ಜೊತೆ ಹಳ್ಳಿಕಾರ್ ಎತ್ತು ಸಾಕಿದ್ರು. ಹೋದ ದೀಪಾವಳಿ ಆಗಿ ಎಂಟು ದಿನಕ್ಕೆ ಸ್ಟ್ರೋಕು ಹೊಡೀತು. ಮಾತು ಉಳೀತು, ಕಾಲು ಎಳ್ಕೊಂಡಾದ್ರೂ ನಡೀತು, ಬಲಗೈ ಮಾತ್ರ ಸುಮ್ಮನಾಗಿಬಿಡ್ತು. ಮನೆಗೆ ಬಂದ ವಾರಕ್ಕೇ, ಕಟ್ಟಿಹಾಕಿ ನೋಡ್ತಾ ಕೂರೋಕೆ ನನ್ ಕೈಲಿ ಆಗಕಿಲ್ಲ, ಓಡ್ಸೋರಿಗೆ ಕೊಟ್ಬುಡಿ ಅಂತ ಹಟ ಹಿಡಿದು ಎತ್ತು ಮಾರಿಸಿದ್ರು. ಆಸ್ಪತ್ರೆ ಖರ್ಚು ಕಳೆದು ಎಪ್ಪತ್ತು ಸಾವಿರ ಉಳಿದಿತ್ತು. ಸಂತೋಷನಿಗೆ ಮಂಡ್ಯದಲ್ಲಿ ಇಂಜಿನಿಯರಿಂಗ್ ಸೀಟು ಸಿಕ್ಕ ದಿನ ಮೊಮ್ಮಕ್ಕಳಿಬ್ಬರನ್ನೂ ಕರೆದು ಆ ಕವರು ಕೊಟ್ಟು, "ಇದ್ರಲ್ಲಿ ಬಟ್ಟೆಬರೆ ತರಬ್ಯಾಡಿ. ಏನಾದ್ರೂ ಓಡೋ ಅಂಥದ್ದು ತಕ್ಕೊಳ್ಳಿ," ಅಂದ್ರು. ಹುಡುಗರಿಗೆ ಓಡೋದು ಅಂದ್ರೆ ಈಗ ಪರದೆ ಮೇಲೆ ತಾನೆ. ಆ ದುಡ್ಡಿಗೆ ಎರಡೂ ಬರೋ ಹಂಗಿರಲಿಲ್ಲ.

ನನಗೆ ಪಿಸಿನೂ ಬೇಕಿರಲಿಲ್ಲ, ಕನ್ಸೋಲೂ ಬೇಕಿರಲಿಲ್ಲ. ನನಗೆ ಬೇಕಿದ್ದಿದ್ದು ಬೇರೆ. ಅವತ್ತಿನ ಆ ಜಗಳ ನಡೆಯುವಾಗ ಮಾವ ನಮ್ಮ ಜೊತೆ ಇರಲಿಲ್ಲ. ಹಿತ್ತಿಲಲ್ಲಿ, ಎತ್ತು ಕಟ್ತಿದ್ದ ಖಾಲಿ ಗೂಟದ ಕಡೆ ಮುಖ ಮಾಡ್ಕೊಂಡು, ಎಡಗೈಲಿ ಚಮಚ ಹಿಡಿದು, ಅರ್ಧ ಮುದ್ದೇನ ಸಾರಲ್ಲಿ ಕಲೆಸ್ಕೊಂಡು ತಿಂತಿದ್ರು. ಎಂಟು ತಿಂಗಳಿಂದ ಅದೇ ಕತೆ. ಎಡಗೈಲಿ ಉಣ್ಣೋದನ್ನ ಮೊಮ್ಮಕ್ಕಳು ನೋಡಬಾರದಂತೆ. ಸಾಲಿನ ಮೊದಲನೇ ಜಾಗದಲ್ಲಿ ಕೂತು ಎರಡು ಮುದ್ದೆ ಮುರಿದು ನುಂಗ್ತಿದ್ದ ಮನುಷ್ಯ ಕಣ್ರೀ. ಆ ಜಾಗದಲ್ಲಿ ನಾವ್ಯಾರೂ ಕೂರ್ತಿರಲಿಲ್ಲ. ಅವರು ಬಂದು ಅಲ್ಲಿ ಕೂತು ಬಲಗೈಲಿ ಉಣ್ಣಬೇಕು, ಅಷ್ಟೇ ನನ್ನ ಆಸೆ.

ಡಾಕ್ಟ್ರು ಕೈ ಪಳಗಿಸೋಕೆ ಅಂತ ಹಳದಿ ರಬ್ಬರ್ ಚೆಂಡು ಕೊಟ್ಟಿದ್ರು, ದಿನಕ್ಕೆ ನೂರು ಸಲ ಅದುಮಬೇಕು ಅಂತ. ಮಾವ ಎರಡು ದಿನ ಅದುಮಿ, ನಾನೇನು ತೊಟ್ಟಿಲ ಮಗುವಾ ಅಂತ ಬಿಸಾಕಿದ್ರು. ಈಗ ಅದನ್ನ ಹಸುವಿನ ಕರು ನೆಕ್ಕುತ್ತೆ. ನಾನು ಎಷ್ಟು ಹೇಳಿದೆ, ನಮ್ಮತ್ತೆ ಚಿಕ್ಕಬೋರಮ್ಮ ಎಷ್ಟು ಬೈದ್ರು. ನಮ್ಮನೆಯವರು ಸಿದ್ದರಾಮು ಅಂತೂ ಎಲ್ಲದಕ್ಕೂ "ನೋಡಾಣ" ಅನ್ನೋ ಗಂಡಸು. ಮದುವೆಯಾಗಿ ಇಪ್ಪತ್ತು ವರ್ಷದಿಂದ ನೋಡ್ತಾನೇ ಇದ್ದಾರೆ.

ಇರಲಿ, ಜಗಳಕ್ಕೆ ಬರ್ತೀನಿ. ಸಂತೋಷನ ಪ್ರಕಾರ ಪಿಸಿ ಬಂದ್ರೆ ಓದು, ಪ್ರಾಜೆಕ್ಟು, ಡ್ರಾಯಿಂಗು ಎಲ್ಲಾ ಅದರಲ್ಲೇ. ಆಟ ಅನ್ನೋದು ಸುಮ್ಮನೆ ಭಾನುವಾರ ಒಂದು ಗಂಟೆ. ನಾನು ಊರಿನ ಹಾಲಿನ ಡೈರೀಲಿ ಹಾಲು ಪರೀಕ್ಷೆ ಮಾಡೋಳು. ಕ್ಯಾನಿನ ಮುಚ್ಚಳ ತೆಗೆದ್ರೇ ಯಾರು ಎಷ್ಟು ನೀರು ಬೆರೆಸಿದ್ದಾರೆ ಅಂತ ಹೇಳಬಲ್ಲೆ. ಇವನ ಮಾತಲ್ಲಿ ಮುಕ್ಕಾಲು ನೀರೇ ಇತ್ತು. ದೀಪಿಕ ಹಂಗಲ್ಲ, ಹತ್ತನೇ ಕ್ಲಾಸಿನ ಹುಡುಗಿ, ಓದಿನ ನೆಪ ಹೇಳಲೇ ಇಲ್ಲ. ನೇರವಾಗಿ ಬಂದಳು.

"ಪಿಸಿ ಬಂದ್ರೆ ಅವನ ರೂಮು ಸೇರುತ್ತೆ ಅವ್ವ. ಅವನು ಬಾಗಿಲು ಹಾಕ್ಕೊತಾನೆ. ಆಮೇಲೆ ಮನೇಲಿ ಅಣ್ಣ ಇರಲ್ಲ, ಬಾಗಿಲಿರುತ್ತೆ. ಕನ್ಸೋಲಾದ್ರೆ ಟೀವಿಗೆ ಹಾಕೋದು, ಹಾಲಲ್ಲೇ ಇರುತ್ತೆ."

ಟೀವಿ ಅನ್ನೋ ಮಾತು ಕೇಳಿದ್ದೇ ತಡ, ಅಲ್ಲೀವರೆಗೆ ಸುಮ್ಮನಿದ್ದ ನಮ್ಮತ್ತೆ ಕೈಲಿದ್ದ ತುತ್ತು ತಟ್ಟೆಗೆ ಹಾಕಿದ್ರು. ನನ್ ಟೀವಿ ತಂಟೆಗೆ ಬಂದೋರ ಕೈ ಮುರೀತೀನಿ ಅಂದ್ರು. ಸಂಜೆ ಏಳರಿಂದ ಒಂಬತ್ತೂವರೆ ತನಕ ನಮ್ಮತ್ತೆ ಧಾರಾವಾಹಿ ಲೋಕದಲ್ಲಿರ್ತಾರೆ. ಪಿಸಿ ಅಂದ್ರೆ ಏನು ಅಂತ ಅವರಿಗೆ ಗೊತ್ತಿಲ್ಲ, ಆದ್ರೆ ಅದು ಟೀವಿ ಕೇಳಲ್ಲ ಅನ್ನೋದು ಗೊತ್ತಾಯ್ತು. ಅವತ್ತಿಂದ ಅವರು ಪಿಸಿ ಪಾರ್ಟಿ.

ಹೀಗೇ ಎರಡು ವಾರ. ಬೆಳಗ್ಗೆ ಇಡ್ಲಿಗೂ ಅದೇ, ರಾತ್ರಿ ಅನ್ನಕ್ಕೂ ಅದೇ. ಕೊನೆಗೆ ನಮ್ಮನೆಯವರು ಬಾಯಿಬಿಟ್ಟು, ಮಂಡ್ಯಕ್ಕೆ ಹೋಗಿ ಎರಡನ್ನೂ ಕಣ್ಣಲ್ಲಿ ನೋಡೇ ಬರಾಣ ಅಂದ್ರು. ಮಾವನನ್ನ ಡಾಕ್ಟ್ರಿಗೆ ತೋರಿಸೋ ದಿನವೂ ಅದೇ ಆಗಿತ್ತು. ಎಲ್ಲರೂ ಬಸ್ಸು ಹತ್ತಿದ್ವಿ.

ಅಂಗಡೀಲಿ ಸಂತೋಷ್ ಆ ಹುಡುಗರ ಜೊತೆ ಕಾರ್ಡು, ಫ್ಯಾನು ಅಂತ ಏನೇನೋ ಮಾತಾಡ್ತಾ ನಿಂತ. ಇನ್ನೊಂದು ಮೂಲೇಲಿ ದೊಡ್ಡ ಟೀವಿ, ಅದಕ್ಕೆ ಕನ್ಸೋಲು ಹಾಕಿ ಕಾರ್ ರೇಸು ಬಿಟ್ಟಿದ್ರು. ಮಾವ ಕಾಲು ನೋವು ಅಂತ ಅದರ ಮುಂದಿನ ಸ್ಟೂಲಲ್ಲಿ ಕೂತ್ರು. ನೋಡ್ತಾ ನೋಡ್ತಾ ಮುಂದಕ್ಕೆ ಬಗ್ಗಿದ್ರು. ನನಗೆ ಆ ಬಗ್ಗೋದು ಗೊತ್ತು, ಗಾಡಿ ಮೇಲೆ ಹಂಗೇ ಬಗ್ಗುತ್ತಿದ್ರು. ಅಂಗಡಿ ಹುಡುಗ ಒಳ್ಳೆ ಮನಸ್ಸಿಂದಲೇ, ಆಡಿ ತಾತ ಅಂತ ಗಾಡಿ ಓಡಿಸೋ ಗುಂಡಿಗಳಿರೋ ಆಟದ ರಿಮೋಟನ್ನ ಅವರ ಎರಡೂ ಕೈಗೆ ಇಟ್ಟ. ಎಡಗೈ ಹಿಡೀತು, ಬಲಗೈ ಹಿಡೀಲಿಲ್ಲ. ರಿಮೋಟು ಜಾರಿ ಟಪ್ ಅಂತ ನೆಲಕ್ಕೆ ಬಿತ್ತು. ಅಂಗಡಿಯವರೆಲ್ಲ ತಿರುಗಿ ನೋಡಿದ್ರು.

ಮಾವ ಎದ್ದು ಆಚೆ ಹೋಗಿ ಬೀದೀಲಿ ನಿಂತ್ರು. ನಾನು ಹಿಂದೆ ಓಡಿದೆ. ನನ್ನ ಮುಖ ನೋಡದೆ, "ಹುಡುಗನಿಗೆ ಆ ಪಿಸೀನೇ ಕೊಡಿಸ್ಬುಡವ್ವ. ರೂಮಲ್ಲಿಟ್ಕೊಂಡು ಅವನ ಪಾಡಿಗೆ ಅವನಿರಲಿ. ಆ ಆಟದ್ದು ನನ್ ಕಣ್ಣೆದುರಿಗೆ ಬ್ಯಾಡ," ಅಂದ್ರು. ಮಾವನ ಮಾತು ಬಂದ ಮೇಲೆ ಮುಗೀತು. ಅಡ್ವಾನ್ಸು ಕೊಟ್ವಿ. ಯಾವುದೋ ಪಾರ್ಟು ಬರಬೇಕು, ಹದಿನೈದು ಇಪ್ಪತ್ತು ದಿನ ಆಗುತ್ತೆ ಅಂದ್ರು. ವಾಪಸ್ ಬರುವಾಗ ಬಸ್ಸಲ್ಲಿ ದೀಪಿಕ ಕಿಟಕಿ ಕಡೆ ತಿರುಗಿ ಕೂತವಳು ಊರು ಬಂದಾಗಲೇ ಈ ಕಡೆ ತಿರುಗಿದ್ದು.

ಎರಡು ದಿನ ಅವಳು ನೆಟ್ಟಗೆ ಉಣ್ಣಲಿಲ್ಲ. ಮದ್ದೂರಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿರೋ ನನ್ನ ತಮ್ಮ ಪುನೀತನಿಗೆ ಫೋನಲ್ಲಿ ಏನೇನು ಅತ್ತಳೋ, ಅವನು ಶನಿವಾರ ಬೈಕಲ್ಲಿ ಬಂದವನೇ ತನ್ನ ಹಳೇ ಕನ್ಸೋಲು ಇಳಿಸಿದ. ಪಿಸಿ ಬರೋವರೆಗೆ ಆಡ್ಕೊಳ್ಳಿ, ಆಮೇಲೆ ವಾಪಸ್ ಕೊಡಿ ಅಂದ. ಅತ್ತೆ ಜೊತೆ ಒಪ್ಪಂದ ಆಯ್ತು: ಸಂಜೆ ಏಳರ ಮೇಲೆ ಯಾರೂ ಮುಟ್ಟೋ ಹಂಗಿಲ್ಲ.

ಮಾವ ಮೊದಲೆರಡು ದಿನ ಒಳಕ್ಕೇ ಬರಲಿಲ್ಲ. ಜಗಲಿ ಮೇಲೆ ಕೂತು ಕಿಟಕಿಯಿಂದ ನೋಡ್ತಿದ್ರು. ನೋಡ್ತಿಲ್ಲ ಅನ್ನೋ ಹಂಗೆ ನೋಡ್ತಿದ್ರು. ದೀಪಿಕ ತಿರುವಿನಲ್ಲಿ ಗಾಡಿ ಗುದ್ದಿಸಿದ್ರೆ ಆಚೆಯಿಂದ ಒಂದು ಗೊಣಗಾಟ ಬರೋದು, "ಒಳ್ಳೇದ್ ಮಾಡ್ದೆ ಬುಡು, ಒಸಿ ಮುಂಚೆ ತಿರುಗಿಸ್ಬೇಕಾಗಿತ್ತು," ಅಂತ.

ಒಂದು ಮಂಗಳವಾರ ಡೈರಿ ಕೆಲಸ ಬೇಗ ಮುಗೀತು. ಹುಡುಗರು ಸ್ಕೂಲು, ಕಾಲೇಜಿಗೆ ಹೋಗಿದ್ರು. ಹಿತ್ತಿಲ ಕಡೆಯಿಂದ ಬಂದೆ. ಹಾಲಿಂದ ಮಾವನ ದನಿ ಕೇಳಿಸ್ತು. ಎಂಟು ತಿಂಗಳಿಂದ ಕೇಳದೇ ಇದ್ದ ದನಿ, ಹೊಯ್ ಹೊಯ್ ಅಂತ ಎತ್ತು ಹುರಿದುಂಬಿಸೋದು. ಬಾಗಿಲ ಸಂದೀಲಿ ಬಗ್ಗಿ ನೋಡಿದೆ.

ಟೀವಿ ಮುಂದೆ ಚಾಪೆ ಹಾಕ್ಕೊಂಡು ಅತ್ತೆ, ಮಾವ ಭುಜಕ್ಕೆ ಭುಜ ತಾಗಿಸ್ಕೊಂಡು ಕೂತಿದ್ದಾರೆ. ಇಬ್ಬರ ನಡುವೆ ಒಂದೇ ರಿಮೋಟು. ಎಡಗಡೆ ಮಾವನ ಎಡಗೈ, ಗಾಡಿ ತಿರುಗಿಸೋಕೆ. ಬಲಗಡೆ ಅತ್ತೆಯ ಕೈ, ವೇಗಕ್ಕೆ. ದೀಪಿಕ ಹೆಂಗೆ ಆಡ್ತಾಳೆ ಅಂತ ನೋಡ್ನೋಡಿ ಮುದುಕರು ತಾವೇ ಹಂಚ್ಕೊಂಡಿದ್ದಾರೆ. ಟೀವಿ ಮುಟ್ಟಿದ್ರೆ ಕೈ ಮುರೀತೀನಿ ಅಂದಿದ್ದ ನಮ್ಮತ್ತೆ, ಹಗಲು ಬರೋ ಧಾರಾವಾಹಿ ಬಿಟ್ಟು ರೇಸು ಕಾರು ಓಡಿಸ್ತಿದ್ರು.

"ತಿರುವು ಬತ್ತಾ ಅದೆ, ಬುಡು, ಬುಡು ಅಂದೆ," ಅಂತ ಮಾವ.

"ಬುಟ್ರೆ ನಿಂತೋಯ್ತದಲ್ಲ," ಅಂತ ಅತ್ತೆ, ಬಿಡದೆ ಅದುಮ್ತಾ.

ಗಾಡಿ ಹೋಗಿ ಗೋಡೆಗೆ ಬಡೀತು. ಮಾವ ಬೈದ್ರು, ಅತ್ತೆ ತಿರುಗಿ ಬೈದ್ರು, ಇಬ್ಬರೂ ಮತ್ತೆ ಶುರು ಮಾಡಿದ್ರು. ನಾನು ಸೆರಗು ಬಾಯಿಗೆ ಒತ್ಕೊಂಡು ನಕ್ಕು, ಬಂದ ದಾರೀಲೇ ಹೊರಗೆ ಹೋಗಿ, ಚೊಂಬು ಸದ್ದು ಮಾಡ್ಕೊಂಡು ಇನ್ನೊಂದು ಸಲ ಬಂದೆ. ಒಳಗೆ ಟೀವಿ ಆಫ್ ಆಗಿತ್ತು. ಅತ್ತೆ ಬೆಳ್ಳುಳ್ಳಿ ಸುಲೀತಿದ್ರು, ಮಾವ ಜಗಲಿ ಮೇಲಿದ್ರು.

ಯಾರಿಗೂ ಹೇಳಲಿಲ್ಲ. ದಿನಾ ಹತ್ತು ಗಂಟೆಗೆ ಹಿತ್ತಿಲಿಂದ ಬಂದು ಬಗ್ಗಿ ನೋಡೋದೇ ನನ್ನ ಧಾರಾವಾಹಿ ಆಯ್ತು. ಐದನೇ ದಿನವೋ ಆರನೇ ದಿನವೋ, ಅತ್ತೆ ಅದುಮಿದ್ದಕ್ಕೆ ಗಾಡಿ ನಾಲ್ಕನೇ ಸಲ ಹಳ್ಳ ಸೇರ್ತು. ಮಾವನಿಗೆ ರೇಗಿ ಹೋಯ್ತು. "ತಗಿ ಅತ್ಲಾಗೆ ನಿನ್ ಕೈಯ. ನಿನ್ ಬೆರಳು ಯಾರ್ ಮಾತೂ ಕೇಳಕಿಲ್ಲ. ಇದಕ್ಕಿಂತ ನನ್ ಸತ್ತ ಬೆರಳೇ ವಾಸಿ," ಅಂದ್ರು. ಎಡಗೈಲಿ ಬಲಗೈ ಎತ್ತಿ ರಿಮೋಟಿನ ಮೇಲೆ ಇಟ್ಕೊಂಡ್ರು. ತೋರುಬೆರಳನ್ನ ಎಳೆದು ಆ ಗುಂಡಿ ಮೇಲೆ ಕೂರಿಸಿದ್ರು. ಗಾಡಿ ಕದಲಲಿಲ್ಲ. ಮಾವನ ಹಣೆ ಮೇಲೆ ಬೆವರು. ನಾನು ಈ ಕಡೆ ಬಾಗಿಲು ಹಿಡ್ಕೊಂಡು ನಿಂತಿದ್ದೆ. ಆಮೇಲೆ ಗಾಡಿ ಒಂದು ಮೊಳ ಹೋಗಿ ನಿಂತ್ಕೊಂತು. ಅತ್ತೆ ಸೆರಗಲ್ಲಿ ಮಾವನ ಹಣೆ ಒರೆಸಿದ್ರು ಅಷ್ಟೇ.

ಚೆಂಡನ್ನ ನೂರು ಸಲ ಅದುಮಿ ಅಂದ್ರೆ ಅದುಮದ ಮನುಷ್ಯ, ಈ ಗುಂಡೀನ ದಿನಕ್ಕೆ ಸಾವಿರ ಸಲ ಅದುಮಿದ್ರೋ ಏನೋ. ಎರಡು ವಾರಕ್ಕೆ ಬೆರಳು ಹೇಳಿದ ಮಾತು ಕೇಳೋಕೆ ಶುರು ಮಾಡ್ತು, ರಿಮೋಟು ಹಿಡಿದೂ ಹಿಡಿದೂ ಮಿಕ್ಕ ಬೆರಳೂ ಮಡಚೋಕೆ ಬಂದ್ವು. ಮೆಲ್ಲಗೆ ಅದುಮೋಕೆ ಬರ್ತಿರಲಿಲ್ಲ, ಅದುಮಿದ್ರೆ ಪೂರ್ತಿ, ಇಲ್ಲಾಂದ್ರೆ ಇಲ್ಲ. ಹಂಗಾಗಿ ಮಾವನ ಗಾಡಿ ಒಂದೋ ಗಾಳಿ ಥರ ಹೋಗೋದು, ಇಲ್ಲಾ ನಿಂತಿರೋದು. ಅಷ್ಟರಲ್ಲಿ ಹುಡುಗರಿಗೂ ಗುಟ್ಟು ಗೊತ್ತಾಗಿತ್ತು. ಕಾಲೇಜಿಂದ ಬಂದು ರೂಮು ಸೇರ್ತಿದ್ದ ಸಂತೋಷ್ ಬ್ಯಾಗು ಹಾಲಲ್ಲೇ ಎಸೆದು ತಾತನ ಪಕ್ಕ ಕೂರೋಕೆ ಶುರು ಮಾಡಿದ. ಮನೇಲಿ ಏನು ಗದ್ದಲ, ಏನು ನಗು. ಆ ಇಪ್ಪತ್ತು ದಿನದಷ್ಟು ಖುಷಿ ನಮ್ಮ ಮನೆ ಯಾವ ಹಬ್ಬದಲ್ಲೂ ನೋಡಿರಲಿಲ್ಲ.

ಆದ್ರೆ ಊಟದ ಹೊತ್ತಿಗೆ ಮಾವ ತಟ್ಟೆ ಎತ್ಕೊಂಡು ಹಿತ್ತಿಲಿಗೇ ಹೋಗ್ತಿದ್ರು. ಎಡಗೈ, ಚಮಚ, ಅರ್ಧ ಮುದ್ದೆ. ನನಗೆ ತಡೀಲಿಲ್ಲ. ಗಾಡಿ ಓಡಿಸೋ ಬೆರಳು ಮುದ್ದೆ ಮುರಿಯಲ್ವಾ ಮಾವ ಅಂತ ಕೇಳೇಬಿಟ್ಟೆ. ಅವರು ತಟ್ಟೆ ಪಕ್ಕಕ್ಕೆ ತಳ್ಳಿ ಎದ್ದು ಹೋದ್ರು. ಅವತ್ತು ನನ್ನ ನಾಲಿಗೇನ ನಾನೇ ಬೈಕೊಂಡೆ. ಆಮೇಲೆ ಆ ಮಾತು ಎತ್ತಲಿಲ್ಲ.

ಅಷ್ಟರಲ್ಲಿ ಅಂಗಡಿಯಿಂದ ಫೋನು ಬಂತು, ಪಾರ್ಟು ಬಂದಿದೆ, ಸೋಮವಾರ ಬನ್ನಿ ಅಂತ. ಪುನೀತನೂ ಕನ್ಸೋಲು ವಾಪಸ್ ಕೇಳಿದ. ದೀಪಿಕ ಎದ್ದು ನಿಂತಳು. ಅಡ್ವಾನ್ಸನ್ನ ಕನ್ಸೋಲಿಗೆ ಬದಲಾಯಿಸಿ, ಇಲ್ಲಾಂದ್ರೆ ತಾತ ಏನು ಮಾಡ್ಬೇಕು ಅಂದಳು. ಸಂತೋಷನ ಮುಖ ನೋಡೋಕೆ ಆಗ್ತಿರಲಿಲ್ಲ. ಎರಡು ವರ್ಷದಿಂದ ಕನಸು ಕಂಡಿದ್ದ ಹುಡುಗ. ನಮ್ಮನೆಯವರು ನೋಡಾಣ ಅಂದ್ರು. ಮಾವ ಜಗಲಿಯಿಂದಲೇ ತೀರ್ಮಾನ ಕೊಟ್ಟರು.

"ನನ್ ಹೆಸರೇಳಿ ಯಾರೂ ಏನೂ ಬುಟ್ಕೊಡೋದ್ ಬ್ಯಾಡ. ಪಂದ್ಯ ಕಟ್ಟಾಣ. ದೀಪಿಕಮ್ಮಿ ಕಡೆಯಿಂದ ನಾನ್ ಓಡಿಸ್ತೀನಿ. ಗೆದ್ದೋರು ಹೇಳಿದ್ದು ಬರಲಿ."

ಭಾನುವಾರ ಸಂಜೆ ಪಂದ್ಯ. ಭಾನುವಾರ ಧಾರಾವಾಹಿ ಇಲ್ಲ, ಅದಕ್ಕೇ ಆ ದಿನ. ಅತ್ತೆ ಎರಡು ರಿಮೋಟನ್ನೂ ಮಣೆ ಮೇಲಿಟ್ಟು ಅರಿಸಿನ ಕುಂಕುಮ ಹಚ್ಚಿ, ಒಂದೊಂದು ಹೂ ಇಟ್ಟರು. ಓಟಕ್ಕೆ ಮುಂಚೆ ನೊಗಕ್ಕೆ ಹಿಂಗೇ ಮಾಡ್ತಿದ್ರು. ಗುಂಡಿ ಒಳಕ್ಕೆ ಕುಂಕುಮ ಹೋಗುತ್ತೆ ಅಜ್ಜಿ ಅಂತ ಸಂತೋಷ್ ಬಾಯಿ ಬಾಯಿ ಬಡ್ಕೊಂಡ. ಅವರು ಅವನ ಹಣೆಗೂ ಹಚ್ಚಿದ್ರು.

ಮೂರು ಸುತ್ತು. ಮೊದಲನೇ ಸುತ್ತು ಸಂತೋಷ್ ಮುಂದೆ, ಎರಡನೇದೂ ಅವನೇ. ಮಾವ ಮುಂದಕ್ಕೆ ಬಗ್ಗಿದ್ರು, ಹೊಯ್ ಹೊಯ್ ಅಂದ್ರು. ದೀಪಿಕ ನನ್ನ ರಟ್ಟೆ ಹಿಡಿದು ಚಿವುಟ್ತಿದ್ದಳು. ಮೂರನೇ ಸುತ್ತಿನ ಕೊನೇ ತಿರುವಿನಲ್ಲಿ ಸಂತೋಷನ ಗಾಡಿ ಯಾಕೋ ತೂಗಾಡಿ ಪಕ್ಕಕ್ಕೆ ಸರೀತು. ಮಾವನ ಗಾಡಿ ನುಗ್ಗಿ ಗೆರೆ ದಾಟ್ತು. ದೀಪಿಕ ಕುಣಿದಾಡಿದಳು, ಅತ್ತೆ ಚಪ್ಪಾಳೆ ಹೊಡೆದ್ರು. ಮಾವ ಮಾತ್ರ ನಗಲಿಲ್ಲ. ರಿಮೋಟು ಕೆಳಗಿಟ್ಟು ಮೊಮ್ಮಗನ್ನೇ ನೋಡಿದ್ರು.

"ಹಗ್ಗ ಎಳ್ದೆ ಕಣ್ಲಾ ನೀನು."

"ಇಲ್ಲ ತಾತ, ಜಾರ್ತು."

"ಐವತ್ತು ವರ್ಷ ಗಾಡಿ ಓಡ್ಸಿದೀನಿ. ಜಾರೋದ್ಯಾವುದು, ಹಗ್ಗ ಎಳೆಯೋದ್ಯಾವುದು ನಂಗೊತ್ತಿಲ್ವಾ."

ಸಂತೋಷ್ ಮುಖ ಕೆಂಪಗೆ ಮಾಡ್ಕೊಂಡು ಎದ್ದವನೇ ಅಡಿಗೆಮನೆಗೆ ಬಂದು ಊಟಕ್ಕೆ ಕೂತುಬಿಟ್ಟ. ತಪ್ಪಿಸ್ಕೊಳ್ಳೋಕೆ ಅವನಿಗೆ ಸಿಕ್ಕಿದ್ದು ಅದೊಂದೇ ದಾರಿ. ನಾನು ಎಲ್ಲರಿಗೂ ತಟ್ಟೆ ಹಾಕಿದೆ. ಮಾವ ಬಿಡ್ತಾರಾ. ಕಾಲು ಎಳ್ಕೊಂಡು ಅವನ ಹಿಂದೇನೇ ಬಂದ್ರು. ಅವನ ಪಕ್ಕ, ಸಾಲಿನ ಮೊದಲನೇ ಜಾಗದಲ್ಲಿ, ಧೊಪ್ ಅಂತ ಕೂತ್ರು. ಬಾಯಿ ಮಾತ್ರ ನಿಲ್ಲಲಿಲ್ಲ.

"ನಾನೂ ಸೋತಿದೀನಿ ಕಣ್ಲಾ. ಮಳವಳ್ಳೀಲಿ ಸೋತಿದೀನಿ, ಮದ್ದೂರಲ್ಲಿ ಸೋತಿದೀನಿ. ಯಾವ ಬಡ್ಡೀಮಗನೂ ನಂಗೆ ಬುಟ್ಕೊಟ್ಟಿರಲಿಲ್ಲ. ಇವತ್ತು ನೀನ್ ಬುಟ್ಕೊಟ್ಟೆ. ಯಾಕೆ? ಕೈ ಬಿದ್ದೋದೋನು ಅಂತಾನಾ?"

ನಮ್ಮ ಮನೇಲಿ ಸಾಲಲ್ಲಿ ಕೂತವರ ಮುಂದೆ ತಟ್ಟೆ ಖಾಲಿ ಇರೋ ಹಂಗಿಲ್ಲ. ನನ್ನ ಕೈ ತಾನಾಗೇ ಮುದ್ದೆ ಇಕ್ಕಿ, ಸಾರು ಬಿಡ್ತು. ಚಮಚ ಇಡೋದು ಮರೆತೇಹೋಯ್ತು.

"ಅಂಗಲ್ಲ ತಾತ," ಅಂತ ಸಂತೋಷ್ ಶುರು ಮಾಡಿದ.

"ಇನ್ನೆಂಗೆ? ಬುಟ್ಕೊಡೋದು ಅಂದ್ರೆ ಮುಖಕ್ಕೆ ಉಗಿದಂಗೆ. ತಿಳ್ಕೋ," ಅಂದ್ರು ಮಾವ. ಅನ್ನುತ್ತಾ ಅನ್ನುತ್ತಾ ಬಲಗೈ ತಟ್ಟೆಗೆ ಇಳಿಸಿದ್ರು. ಐದು ಬೆರಳೂ ಮುದ್ದೆ ಮೇಲೆ ಬಿದ್ವು. ಮುರಿದ್ರು. ತುತ್ತು ದೊಡ್ಡದಾಗಿತ್ತು, ಸಾರಿಗೆ ಅದ್ದೋವಾಗ ಜಾರಿ ಬಿದ್ದು ಸಂತೋಷನ ಅಂಗಿ ತುಂಬಾ ಸಾರು ಹಾರ್ತು. ಬೈಗುಳ ನಿಲ್ಲಿಸದೇನೇ ಅದನ್ನ ಮತ್ತೆ ಹಿಡಿದು ಬಾಯಿಗೆ ಹಾಕ್ಕೊಂಡು ನುಂಗಿದ್ರು.

ನಮ್ಮನೆಯವರು ತಟ್ಟೆ ನೋಡ್ತಾ ಕೂತಿದ್ರು, ಕಣ್ಣು ತುಂಬ್ಕೊಂಡಿತ್ತು. ಅತ್ತೆ ನನ್ನ ಕಡೆ ತಿರುಗಿ, ಸಾರಿಗೆ ಉಪ್ಪೇ ಇಲ್ವಲ್ಲೇ ಕವಿತ, ಮನಸ್ಸೆಲ್ಲಿತ್ತು ಅಂತ ಗದರಿದ್ರು. ಉಪ್ಪು ಸರಿಯಾಗೇ ಇತ್ತು. ನಾನೂ ಹೂಂ ಅತ್ತೆ, ಮರೆತೆ ಅಂದೆ.

ಮಾವ ಎರಡನೇ ತುತ್ತು ಮುರಿದಾಗಲೇ ತಮ್ಮ ಕೈ ತಾವು ನೋಡ್ಕೊಂಡಿದ್ದು. ಬೈಗುಳ ಅಲ್ಲಿಗೇ ನಿಂತುಹೋಯ್ತು. ಎಲ್ಲರ ಮುಖಾನೂ ಒಂದು ಸುತ್ತು ನೋಡಿದ್ರು. ಆಮೇಲೆ ಸಂತೋಷನ ಅಂಗಿ ನೋಡಿ, ಸಾರೆಲ್ಲ ನಿನ್ ಮೇಲೇ ಹುಯ್ದಿದೀನಲ್ಲೋ ಅಂತ ನಕ್ಕರು. ಆಗ ಬಿಟ್ಕೊಂತು ನೋಡಿ ಮನೆಯವರಿಗೆಲ್ಲ ನಗು. ನಗ್ತಾ ನಗ್ತಾ ದೀಪಿಕ ಅತ್ತುಬಿಟ್ಟಳು.

ಸಂತೋಷ್ ಅಂಗೀಲಿ ಮೂಗು ಒರೆಸ್ಕೊಂಡು, "ಪಿಸೀನೇ ತರ್ತೀನಿ ತಾತ. ಆದ್ರೆ ರೂಮಲ್ಲಿಡಲ್ಲ. ಹಾಲಲ್ಲಿ, ಟೀವಿ ಪಕ್ಕ ಇಡ್ತೀನಿ. ಅದಕ್ಕೂ ಈ ರಿಮೋಟು ಹಾಕಬಹುದು. ಎರಡು ತರ್ತೀನಿ. ಅಜ್ಜಿ ಟೀವಿ ಅಜ್ಜಿಗೇ ಇರಲಿ," ಅಂದ.

ದೀಪಿಕ ಕಣ್ಣು ಒರೆಸ್ಕೊಂಡು ಅವನನ್ನ ನೋಡಿದಳು. "ಪಿಸಿಗೂ ರಿಮೋಟು ಹಾಕಬಹುದು ಅಂತ ಮೊದಲೇ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಅದು ನನ್ನ ರೂಮಿಗೆ ಬರ್ತಿತ್ತಾ?" ಅಂದ ಅವನು. ಒಂದೂವರೆ ತಿಂಗಳಲ್ಲಿ ಅವನು ಆಡಿದ ನೀರು ಬೆರೆಸದ ಮಾತು ಅದೊಂದೇ.

ಮಾವ ತುತ್ತು ನುಂಗಿ, ನಾಳೆ ಸಂಜೆ ಇನ್ನೊಂದು ಸಲ ಓಟ, ಹಗ್ಗ ಬುಟ್ಟು ಓಡ್ಸು, ಸೋಲ್ಸೋದಾದ್ರೆ ಸರಿಯಾಗಿ ಸೋಲ್ಸು ಅಂದ್ರು. ತಟ್ಟೆ ಖಾಲಿಯಾಗಿತ್ತು. ಅದರಂಚಿಗೆ ಬಲಗೈ ಇಟ್ಕೊಂಡು ನನ್ನ ಕಡೆ ನೋಡಿದ್ರು.

"ಇನ್ನೊಂದು ಇಕ್ಕವ್ವ."

ಮಡಕೇಲಿ ಮುದ್ದೆ ಮುಗಿದಿತ್ತು. ಒಂಬತ್ತು ತಿಂಗಳಿಂದ ಅವರ ಲೆಕ್ಕಕ್ಕೆ ಅರ್ಧ ಮುದ್ದೆ ಅಂತಲೇ ಹಿಟ್ಟು ಹಾಕ್ತಿದ್ದೆ. ಏಳಬ್ಯಾಡಿ ಮಾವ, ಒಂದ್ ಗಳಿಗೆ ಅಂದು ಎಸರಿಗಿಟ್ಟೆ. ಎಸರು ಕುದಿಯೋವರೆಗೆ, ನಾನು ಹಿಟ್ಟು ಹಾಕಿ ಕೋಲಲ್ಲಿ ತೊಳಸೋವರೆಗೆ, ಸಾಲಲ್ಲಿ ಒಬ್ಬರೂ ಏಳಲಿಲ್ಲ. ಎಂಜಲು ಕೈ ಒಣಗಿಸ್ಕೊಂಡು ಐದು ಜನಾನೂ ಮಾವನ ಎರಡನೇ ಮುದ್ದೆಗೆ ಕಾಯ್ತಾ ಕೂತಿದ್ರು.